ಲೈನ್ ಮನೆಗಳೂ ಡೇಲಿ ಹಾಲೂ

ಬೆಂಗಳೂರಿನ ಮಿಥಿಕ್ ಸೊಸೈಟಿಗೂ ಕೋಲಾರದ ಚಿನ್ನದ ಗಣಿಗೂ ಏನು ನಂಟು ಎಂದು ಕೇಳಿದರೆ ಗಣಿಯೂರಿನವರೇ ತಲೆ ಕೆರೆದುಕೊಳ್ಳುತ್ತಾರೆ. ಆ ನಂಟು ಬೆಸೆದವರು ಒಬ್ಬ ಪಾದ್ರಿ. ರೆವರೆಂಡ್ ಫ್ರೆಡ್ ಗುಡ್‌ವಿಲ್ ಅವರು ವೆಸ್ಲಿಯನ್ ತಮಿಳು ಮಿಷನ್ನಿನ ಮೇಲ್ವಿಚಾರಕರಾಗಿ ಮಾರಿಕುಪ್ಪಂ ಮತ್ತು ಗಣಿ ಪ್ರದೇಶವನ್ನು ನೋಡಿಕೊಳ್ಳುತ್ತಿದ್ದರು. ಅವರಿಗೆ ಈ ಸೀಮೆಯ ಹಳೆಯ ಕಥೆಗಳ ಹುಚ್ಚು. ಚಿನ್ನದ ಗಣಿಯ ಪೂರ್ವಚರಿತ್ರೆಯನ್ನು ಒಂದೆಡೆ ಸೇರಿಸಿ ಸೊಸೈಟಿಯ ತ್ರೈಮಾಸಿಕ ಪತ್ರಿಕೆಗೆ ಬರೆದರು. ನಂದಿದುರ್ಗದ ಧಾರ್ಮಿಕ ಮತ್ತು ಸೈನಿಕ ಚರಿತ್ರೆಯ ಬಗ್ಗೆ 1918ರಲ್ಲಿ ಅವರು ಬರೆದದ್ದನ್ನು ಪ್ರಕಟಿಸಿದ್ದು ಗಣಿಯವರದೇ ಆದ ಕೆಜಿಎಫ್ (ಕೋಲಾರ ಗೋಲ್ಡ್ ಫೀಲ್ಡ್ಸ್) ಮೈನಿಂಗ್ ಅಂಡ್ ಮೆಟಲರ್ಜಿಕಲ್ ಸೊಸೈಟಿ. ಅದು ಇಂಜಿನಿಯರುಗಳ ಸಂಘ. ಅದಿರು, ಯಂತ್ರ, ಬಂಡೆ ಸಿಡಿತಗಳ ಮಾತೇ ಅದರ ದಿನನಿತ್ಯದ ಮಾತು. ಅಂಥ ಸಂಘವೂ ಬಿಡುವು ಮಾಡಿಕೊಂಡು ಒಂದು ಕೋಟೆಯ ಕಥೆಗೆ ಜಾಗ ಕೊಟ್ಟಿತೆಂದರೆ, ಆ ಕಾಲದ ಗಣಿಯೂರಿನಲ್ಲಿ ಇತಿಹಾಸಕ್ಕೆ ಕಿವಿಗೊಡುವ ಒಂದು ಸಣ್ಣ ವಲಯ ಇತ್ತು ಎಂದಾಯಿತು.

ಮಿಥಿಕ್ ಸೊಸೈಟಿ ಹುಟ್ಟಿದ್ದು 1909ರಲ್ಲಿ. ಬೆಂಗಳೂರು ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ನಿನ ಕಲೆಕ್ಟರ್ ಆಗಿದ್ದ ಎಫ್.ಜೆ. ರಿಚರ್ಡ್ಸ್ ಮೊದಲ ಅಧ್ಯಕ್ಷರು. ಆಮೇಲೆ ಫಾದರ್ ಎ.ಎಂ. ತಬಾರ್ಡ್ ಬಹುಕಾಲ ಆ ಕುರ್ಚಿಯಲ್ಲಿದ್ದರು. ದಂಡಿನ ಸಾಹೇಬರು, ಪಾದ್ರಿಗಳು, ಮೈಸೂರು ಸಂಸ್ಥಾನದ ಪಂಡಿತರು ಒಂದೇ ಬೆಂಚಿನ ಮೇಲೆ ಕೂತು ಶಾಸನ, ಐತಿಹ್ಯ, ಜಾತ್ರೆ, ನಾಣ್ಯಗಳ ಬಗ್ಗೆ ಚರ್ಚಿಸುತ್ತಿದ್ದದ್ದು ಆ ದಿನಗಳಿಗೆ ಸಣ್ಣ ಸಂಗತಿಯೇನಲ್ಲ. ಸೊಸೈಟಿಯ ಬಾಳಿಕೆಗೆ ಕಾರಣ ಮಾತ್ರ ಆ ಚರ್ಚೆಗಳಲ್ಲ ಎಂಬುದು ನನ್ನ ಲೆಕ್ಕ. ಕಾರಣ 1917ರಲ್ಲಿ ತಯಾರಾದ ಡೇಲಿ ಮೆಮೋರಿಯಲ್ ಹಾಲ್. ಮೈಸೂರು ಸರ್ಕಾರ ಜಾಗ ಕೊಟ್ಟಿತು. ರೆಸಿಡೆಂಟ್ ಆಗಿದ್ದ ಸರ್ ಹ್ಯೂ ಡೇಲಿಯ ಹೆಸರಲ್ಲಿ ಕಟ್ಟಡ ಎದ್ದಿತು. ನಮ್ಮಲ್ಲಿ ಸಂಘಗಳು ಹುಟ್ಟುವುದು ಉತ್ಸಾಹದಲ್ಲಿ, ಸಾಯುವುದು ಬೀರುವಿನ ಕೀಲಿಕೈ ಹಳೆಯ ಕಾರ್ಯದರ್ಶಿಯ ಮನೆಯಲ್ಲೇ ಉಳಿದುಹೋದಾಗ. ಸೊಸೈಟಿಗೆ ಆ ಗತಿ ಬರಲಿಲ್ಲ. ಪುಸ್ತಕಕ್ಕೊಂದು ಕಪಾಟು, ಕಪಾಟಿಗೊಂದು ಗೋಡೆ, ಗೋಡೆಗೊಂದು ಹಕ್ಕುಪತ್ರ ಇದ್ದದ್ದರಿಂದ ಅದು 2009ರಲ್ಲಿ ನೂರು ವರ್ಷ ಮುಗಿಸಿತು.

ಗಣಿಯೂರಿನ ಸಂಘಕ್ಕೆ ಅಂಥ ಭಾಗ್ಯ ಇರಲಿಲ್ಲ. ಇಲ್ಲಿ ಎಲ್ಲ ಗೋಡೆಗಳೂ ಕಂಪನಿಯವು.

ಗುಡ್‌ವಿಲ್ ಬರೆಯುವ ಹೊತ್ತಿಗೆ ಈ ಸೀಮೆಯ ಕಲ್ಲುಗಳ ಮೇಲೆ ವಿದ್ವಾಂಸರ ಕಣ್ಣು ಬಿದ್ದಾಗಿತ್ತು. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟ, ಅಂದರೆ ಕೋಲಾರ ಜಿಲ್ಲೆಯ ಶಾಸನಗಳು, 1905ರಲ್ಲೇ ಹೊರಬಂದಿತ್ತು. ಅದರಲ್ಲಿ ಬೌರಿಂಗ್‌ಪೇಟೆ ತಾಲ್ಲೂಕಿನದೇ ಒಂದು ಭಾಗ. ಇಂದಿನ ಬಂಗಾರಪೇಟೆಗೆ ಆಗ ಕಮಿಷನರ್ ಬೌರಿಂಗ್‌ನ ಹೆಸರು. ಬೇತಮಂಗಲದ ಕೆರೆಯನ್ನು ನೊಳಂಬರ ಕಾಲದಲ್ಲಿ ಮತ್ತೆ ಕಟ್ಟಿಸಿದ ಸಂಗತಿ ಶಾಸನದಿಂದಲೇ ತಿಳಿದದ್ದು. ಗಣಿಯ ಊರಿಗೆ ಕುಡಿಯುವ ನೀರು ಬರುತ್ತಿದ್ದದ್ದೂ ಅದೇ ಬೇತಮಂಗಲದಿಂದ. ಸಾವಿರ ವರ್ಷದ ಕೆರೆಯ ಕಥೆ ಗ್ರಂಥಕ್ಕೆ ಹೋಯಿತು, ಆ ನೀರು ಕುಡಿದ ಮನೆಗಳ ಕಥೆ ಹೋಗಲಿಲ್ಲ. ಅದಕ್ಕೆ ಯಾರನ್ನೂ ದೂರುವಂತಿಲ್ಲ. ಪಾದ್ರಿಯವರ ಕಣ್ಣೆದುರಿಗೆ ಆ ಮನೆಗಳ ಸುಣ್ಣ ಇನ್ನೂ ಹಸಿಯಾಗಿತ್ತು. ನಿನ್ನೆ ಕಟ್ಟಿದ ಮನೆಯನ್ನು ಇತಿಹಾಸ ಎಂದು ಯಾರು ತಾನೇ ಕರೆಯುತ್ತಾರೆ?

ಈಗ ಆ ಮನೆಗಳಿಗೂ ನೂರು ದಾಟಿದೆ. ಆದ್ದರಿಂದ ಅವುಗಳ ಕಥೆಯನ್ನು ಇಲ್ಲಿ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

1802ರಲ್ಲಿ ಮೈಸೂರಿನ ಪೂರ್ವದ ಗಡಿ ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್ ಇಲ್ಲಿ ಹಳ್ಳಿಯವರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಕಂಡು ವರದಿ ಬರೆದ. ಅದನ್ನು ಓದಿದ ಮೈಕೇಲ್ ಲ್ಯಾವೆಲ್, ನ್ಯೂಜಿಲೆಂಡಿನ ಯುದ್ಧ ಮುಗಿಸಿ ಬೆಂಗಳೂರು ದಂಡಿನಲ್ಲಿ ನೆಲೆಸಿದ್ದ ಐರಿಷ್ ಸೈನಿಕ, 1871ರಲ್ಲಿ ಎತ್ತಿನ ಗಾಡಿ ಕಟ್ಟಿಸಿಕೊಂಡು ಕೋಲಾರದ ಕಡೆ ಬಂದ. ಅವನಿಗೆ ಚಿನ್ನಕ್ಕಿಂತ ಹೆಚ್ಚಾಗಿ ದಕ್ಕಿದ್ದು ಹೆಸರು. ಬೆಂಗಳೂರಿನ ಲ್ಯಾವೆಲ್ ರಸ್ತೆ ಅವನದೇ. ಅಲ್ಲಿನ ತನ್ನ ಮನೆಗೆ ಅವನು ಉರಿಗಾಂ ಹೌಸ್ ಎಂದು ಹೆಸರಿಟ್ಟಿದ್ದ. ಗಣಿಯ ಕಥೆ ನಿಜವಾಗಿ ಕುದುರಿದ್ದು 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾಲಿಟ್ಟ ಮೇಲೆ. 1894ರಲ್ಲಿ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಂಗೆ ರೈಲು ಬಂತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು ನೂರೈವತ್ತು ಕಿಲೋಮೀಟರ್ ತಂತಿ ಎಳೆದು ವಿದ್ಯುತ್ ತಂದರು. ಬೆಂಗಳೂರಿಗಿಂತ ಮೊದಲೇ ಕರೆಂಟು ಕಂಡ ಊರು ಎಂದು ಗಣಿಯವರು ಇವತ್ತಿಗೂ ಕಾಲರ್ ಸರಿಮಾಡಿಕೊಳ್ಳುತ್ತಾರೆ. ಆ ಕರೆಂಟು ಮೊದಲು ಹೋದದ್ದು ಯಂತ್ರಗಳಿಗೆ ಮತ್ತು ಸಾಹೇಬರಿಗೆ. ಕಾರ್ಮಿಕರು ಇದ್ದ ಲೈನುಗಳಿಗೆ ಬೆಳಕು ಹರಿಯುವುದಕ್ಕೆ ಬಹಳ ಕಾಲ ಹಿಡಿಯಿತು ಎಂಬ ಭಾಗವನ್ನು ಹೆಮ್ಮೆಯ ಭರದಲ್ಲಿ ಬಿಟ್ಟುಬಿಡುತ್ತಾರೆ.

ಊರಿನ ಮನೆಗಳಲ್ಲಿ ಎರಡು ಜಾತಿ. ಎತ್ತರದ ಜಾಗದಲ್ಲಿ ಬಂಗಲೆಗಳು: ಸುತ್ತ ಬೇಲಿಗಿಡ, ಮುಂದೆ ಜಾಲರಿ ಹಾಕಿದ ವರಾಂಡ, ಇಳಿಜಾರು ಸೂರು, ಒಳಗೆ ಬೆಂಕಿಗೂಡು, ಹಿಂದೆ ಆಳುಗಳ ಕೋಣೆ. ಕಾರ್ನ್‌ವಾಲಿನಿಂದ ಬಂದ ಗಣಿ ಕ್ಯಾಪ್ಟನ್‌ಗಳು, ಇಂಜಿನಿಯರುಗಳು ಅಲ್ಲಿ ಇದ್ದರು. ಕೆಜಿಎಫ್ ಕ್ಲಬ್, ಗಾಲ್ಫ್ ಮೈದಾನ, ಉರಿಗಾಂನ ಸೇಂಟ್ ಮೈಕೇಲ್ ಚರ್ಚು ಇವೆಲ್ಲ ಸೇರಿ ‘ಲಿಟ್ಲ್ ಇಂಗ್ಲೆಂಡ್’ ಎಂಬ ಅಡ್ಡಹೆಸರು ಬಿತ್ತು. ಪೋಸ್ಟ್‌ಕಾರ್ಡುಗಳಲ್ಲೂ ನೆನಪಿನ ಬರಹಗಳಲ್ಲೂ ಕಾಣಿಸುವುದು ಹೆಚ್ಚಾಗಿ ಈ ಜಾತಿ.

ಇನ್ನೊಂದು ಜಾತಿ ಲೈನ್ ಮನೆ. ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಕಡೆಯಿಂದ ಬರಗಾಲಕ್ಕೂ ಜಾತಿಯ ಕಾಟಕ್ಕೂ ಬೇಸತ್ತು ಬಂದ ದಲಿತ ಕುಟುಂಬಗಳಿಗೆ ಮೊದಲು ಸಿಕ್ಕಿದ್ದು ಬಿದಿರು ತಟ್ಟಿಯ ಗುಡಿಸಲು. ಆಮೇಲೆ ತಗಡು, ಆಮೇಲೆ ಇಟ್ಟಿಗೆ. ಒಂದೇ ಸೂರಿನ ಕೆಳಗೆ ಸಾಲಾಗಿ ಕೋಣೆಗಳು. ಒಂದು ಕುಟುಂಬಕ್ಕೆ ಒಂದು ಕೋಣೆ, ಮುಂದೆ ಒಂದು ಜಗಲಿ, ನೀರಿಗೆ ಬೀದಿಯ ನಲ್ಲಿ, ಉಳಿದದ್ದಕ್ಕೆ ಸಾಲಿನ ಕೊನೆಯ ಕಕ್ಕಸು. ಸಾಲುಗಳ ನಡುವೆ ಅಗಲವಾದ ಓಣಿ ಬಿಟ್ಟದ್ದು ಗಾಳಿಗೂ ಹೌದು, ಕಾವಲಿಗೂ ಹೌದು. ಕದ್ದ ಚಿನ್ನ ಹುಡುಕುವ ನೆಪದಲ್ಲಿ ಯಾವ ಹೊತ್ತಿನಲ್ಲಾದರೂ ಬಾಗಿಲು ತಟ್ಟಬಹುದಿತ್ತು.

ಕಾರ್ಮಿಕರ ಇತಿಹಾಸವೂ ಇದೇ ಓಣಿಗಳಲ್ಲಿ ನಡೆಯಿತು. ಬೆರಳಚ್ಚು ಕೊಡಬೇಕೆಂಬ ಕಂಪನಿಯ ಕಟ್ಟಳೆಯ ವಿರುದ್ಧ 1930ರಲ್ಲಿ ಇಡೀ ಗಣಿ ಸ್ತಬ್ಧವಾಯಿತು. ಕಂಪನಿ ಮಣಿಯಿತು. 1946ರ ನವೆಂಬರ್ 4ರಂದು ಪೊಲೀಸರ ಗುಂಡಿಗೆ ಆರು ಮಂದಿ ಕಾರ್ಮಿಕರು ಬಲಿಯಾದರು. 1954ರಲ್ಲಿ ಡಾ. ಅಂಬೇಡ್ಕರ್ ಇಲ್ಲಿಗೆ ಬಂದು ಹೋದರು. ಈ ಯಾವುದಕ್ಕೂ ಸಭಾಭವನ ಇರಲಿಲ್ಲ. ಸಭೆ ನಡೆದದ್ದು ಜಗಲಿಯಲ್ಲಿ, ಓಣಿಯಲ್ಲಿ, ಬಯಲಲ್ಲಿ. ಬಂಗಲೆ ಬಿದ್ದರೆ ಒಂದು ಸುಂದರ ಕಟ್ಟಡ ಹೋಗುತ್ತದೆ. ಲೈನು ಬಿದ್ದರೆ ಈ ನಡೆದದ್ದಕ್ಕೆಲ್ಲ ವಿಳಾಸವೇ ಇಲ್ಲವಾಗುತ್ತದೆ. ಯಾವುದನ್ನು ಮೊದಲು ಉಳಿಸಬೇಕು ಎಂದು ನನ್ನನ್ನು ಕೇಳಿದರೆ ನಾನು ಲೈನ್ ಎನ್ನುತ್ತೇನೆ. ಎಲ್ಲರೂ ಒಪ್ಪಬೇಕೆಂದಿಲ್ಲ.

ಮನೆಯ ಮಾಲೀಕರು ಮಾತ್ರ ಬದಲಾಗುತ್ತಲೇ ಹೋದರು. ಜಾನ್ ಟೇಲರ್‌ನಿಂದ 1956ರಲ್ಲಿ ಮೈಸೂರು ರಾಜ್ಯಕ್ಕೆ, 1962ರಲ್ಲಿ ಕೇಂದ್ರ ಸರ್ಕಾರಕ್ಕೆ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್‌ಗೆ. ಕಾಗದದಲ್ಲಿ ಹೆಸರು ಬದಲಾದಾಗಲೆಲ್ಲ ಕೋಣೆಯಲ್ಲಿ ಅದೇ ಕುಟುಂಬ, ಅಪ್ಪನ ಜಾಗಕ್ಕೆ ಮಗ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ನೂರಿಪ್ಪತ್ತು ವರ್ಷದಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟು, ಚಾಂಪಿಯನ್ ರೀಫ್ಸ್‌ನಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ನಿಂತಿತು. ಕೆಲಸ ಹೋದವರಿಗೆ ಬಾಕಿ ಹಣದ ಜೊತೆಗೆ ಕ್ವಾರ್ಟರ್ಸ್ ಹಕ್ಕಿನ ತಕರಾರೂ ಗಂಟುಬಿತ್ತು. ಅದು ವರ್ಷಗಟ್ಟಲೆ ಎಳೆದಾಡಿತು.

ಊರು ಖಾಲಿಯಾಗುತ್ತದೆ ಎಂದು ಎಲ್ಲರೂ ಅಂದುಕೊಂಡಿದ್ದರು. ಖಾಲಿಯಾಗದಂತೆ ತಡೆದದ್ದು ಇತಿಹಾಸಪ್ರೇಮವೂ ಅಲ್ಲ, ಸರ್ಕಾರದ ಯೋಜನೆಯೂ ಅಲ್ಲ. 1894ರ ಆ ರೈಲು ಮಾರ್ಗ. ನಸುಕಿಗೆ ಮಾರಿಕುಪ್ಪಂನಲ್ಲಿ ತುಂಬಿಕೊಳ್ಳುವ ಗಾಡಿ ಚಾಂಪಿಯನ್, ಉರಿಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆಯಲ್ಲಿ ಇನ್ನಷ್ಟು ಜನರನ್ನು ತುರುಕಿಕೊಂಡು ಬೆಂಗಳೂರಿಗೆ ಹೋಗುತ್ತದೆ. ಸಾವಿರಾರು ಜನ ಗಾರ್ಮೆಂಟ್ಸ್, ಅಂಗಡಿ, ಆಸ್ಪತ್ರೆ, ಕಚೇರಿಗಳಲ್ಲಿ ದುಡಿದು ರಾತ್ರಿ ಹಿಂತಿರುಗುತ್ತಾರೆ. ಬೆಂಗಳೂರಿನ ಬಾಡಿಗೆ ಕಟ್ಟುವ ಬದಲು ಸೀಸನ್ ಟಿಕೆಟ್ ಕಟ್ಟುವುದು ವಾಸಿ. ಹಾಗಾಗಿ ಲೈನ್ ಮನೆಯಲ್ಲಿ ದೀಪ ಆರಲಿಲ್ಲ. ದೀಪ ಇರುವ ಮನೆಯ ಸೂರು ಸೋರಿದರೆ ಯಾರೋ ಏಣಿ ಹತ್ತುತ್ತಾರೆ. ಸಾಹೇಬರ ಬಂಗಲೆಗಳಲ್ಲಿ ಖಾಲಿ ಬಿದ್ದವುಗಳಿಗೆ ಆ ಯೋಗ ಇರಲಿಲ್ಲ. ಬಾಗಿಲು, ಕಿಟಕಿ, ತೊಲೆ, ಕಡೆಗೆ ನೆಲದ ಕಲ್ಲೂ ಯಾರದೋ ಪಾಲಾದವು.

ಚಾಂಪಿಯನ್ ರೀಫ್ಸ್‌ನ ಒಂದು ಲೈನಿನಲ್ಲಿ ನಾನು ನೋಡಿದ ಮನೆಯ ವಿಷಯ ಹೇಳುತ್ತೇನೆ. ಮೂಲ ಕೋಣೆ ಹತ್ತಡಿಗೆ ಹತ್ತಡಿ ಇರಬಹುದು. ಜಗಲಿಗೆ ತಗಡು ಕಟ್ಟಿ ಅಡುಗೆಮನೆ ಮಾಡಿದ್ದಾರೆ. ಹಿಂದಕ್ಕೆ ಇನ್ನೊಂದು ಕೋಣೆ ಚಾಚಿದೆ, ಅದಕ್ಕೆ ಸಿಮೆಂಟ್ ಶೀಟು. ಒಲೆಯ ಮೇಲ್ಗಡೆ ಗೋಡೆಯ ಗಾರೆ ಕಿತ್ತುಬಂದ ಕಡೆ ಬಣ್ಣದ ಪದರಗಳು ಕಾಣುತ್ತವೆ: ಮೇಲೆ ಗುಲಾಬಿ, ಅದರಡಿ ನೀಲಿ, ಅದರಡಿ ಹಸಿರು, ಎಲ್ಲಕ್ಕಿಂತ ಕೆಳಗೆ ಬರಿ ಸುಣ್ಣ. ಕಂಪನಿ ಇದ್ದಾಗ ಸುಣ್ಣ ಒಂದೇ ಬಣ್ಣ, ಉಳಿದವೆಲ್ಲ ಮುಚ್ಚಿದ ಮೇಲಿನ ಪೊಂಗಲ್‌ಗಳವು ಎಂದು ಮನೆಯ ಯಜಮಾನರು ವಿವರಿಸಿದರು. ಮೂವತ್ತು ವರ್ಷ ಭೂಮಿಯ ಕೆಳಗೆ ದುಡಿದವರು. ಮೂಲೆಯಲ್ಲಿ ನೆಲದಿಂದ ಸೂರಿನವರೆಗೆ ಓರೆಯಾಗಿ ಏರಿದ ಬಿರುಕನ್ನು ಬೆರಳಲ್ಲಿ ಸವರಿ ತೋರಿಸಿದರು. “ಇದು ಮನೆ ಕಟ್ಟಿದೋರ ತಪ್ಪಲ್ಲ ಸಾರ್, ಏರ್‌ಬ್ಲಾಸ್ಟ್‌ದು. ನಾನು ಕೆಳಗಿದ್ದೆ, ಇದು ಮೇಲೆ ಒಡೀತು. ಇಬ್ಬರೂ ಬದುಕಿದೀವಿ” ಅಂದರು. ಮನೆಯನ್ನು ತಮ್ಮ ವಾರಿಗೆಯ ಕೆಲಸಗಾರನಂತೆ ಲೆಕ್ಕಕ್ಕೆ ಹಿಡಿಯುವ ಈ ಮಾತು ನನಗೆ ಯಾವ ಗ್ರಂಥದಲ್ಲೂ ಸಿಕ್ಕಿಲ್ಲ.

ಆ ಬಿರುಕು ಈ ಊರಿಗೇ ಮೀಸಲಾದ ಸಮಸ್ಯೆ. ಆಳದಲ್ಲಿ ಬಂಡೆಯ ಮೇಲಿನ ಒತ್ತಡ ಒಮ್ಮೆಲೇ ಸಡಿಲಿದಾಗ ಆಗುವ ಸಿಡಿತಕ್ಕೆ ಗಣಿಯ ಹಳಬರ ಹೆಸರು ಏರ್‌ಬ್ಲಾಸ್ಟ್. ದೊಡ್ಡವಾದಾಗ ಮೇಲಿನ ಮನೆಗಳೂ ಅದುರಿ ಬಿರಿಯುತ್ತಿದ್ದವು. ಇದನ್ನು ಅಳೆಯಲು ನೆಲದಲ್ಲಿ ಉಪಕರಣಗಳ ಜಾಲವನ್ನೇ ಇಟ್ಟಿದ್ದರು. ರಾಷ್ಟ್ರೀಯ ಶಿಲಾಯಂತ್ರವಿಜ್ಞಾನ ಸಂಸ್ಥೆ 1988ರಲ್ಲಿ ಇಲ್ಲೇ ಹುಟ್ಟಿತು. ಗಣಿ ಮುಚ್ಚಿ ಪಂಪುಗಳು ನಿಂತ ಮೇಲೆ ಸುರಂಗಗಳಿಗೆ ನೀರು ಏರುತ್ತಾ ಹೋಯಿತು. ಅದರ ಜೊತೆಗೆ ನಡುಕವೂ ಪೂರ್ತಿ ನಿಲ್ಲಲಿಲ್ಲ. ಇನ್ನು ದೂಳು. ಚಿನ್ನ ತೆಗೆದು ಉಳಿದ ಪುಡಿಮಣ್ಣು ಸೈನೈಡ್ ದಿಬ್ಬಗಳಾಗಿ ಊರಿನ ನಡುವೆಯೇ ನಿಂತಿದೆ, 3 ಕೋಟಿ ಟನ್ನಿಗೂ ಹೆಚ್ಚು. ಗಾಳಿ ಎದ್ದರೆ ಹಿಟ್ಟಿನಂಥ ಬಿಳಿ ದೂಳು ಹೊಸಲು ದಾಟಿ ಒಳಗೆ ಬರುತ್ತದೆ. ಅವುಗಳಲ್ಲಿ 13 ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಲಾರಿ, ಯಂತ್ರ ಬಂದರೆ ಕೆಲಸ ಸಿಗಬಹುದು ಎಂಬ ಆಸೆ ಒಂದು ಕಡೆ, ದಿಬ್ಬದ ಬುಡದ ಸಾಲುಗಳ ಗತಿ ಏನು ಎಂಬ ಅಂಜಿಕೆ ಇನ್ನೊಂದು ಕಡೆ.

ಆ ದಿಬ್ಬಗಳನ್ನು 2018ರ ‘ಕೆಜಿಎಫ್’ ಸಿನಿಮಾದಿಂದ ದೇಶವೇ ನೋಡಿತು. ಊರಿನ ಹೆಸರು ಹಿಂದಿ ಸೀಮೆಯ ಚಹದಂಗಡಿಗೂ ಮುಟ್ಟಿತು. ದಿಬ್ಬದ ಮೇಲೆ ಸೆಲ್ಫಿ ತೆಗೆದುಕೊಳ್ಳಲು ಬರುವ ಹುಡುಗರು ಕೆಳಗಿನ ಲೈನಿನ ಕಡೆ ತಿರುಗಿ ನೋಡುವುದು ಕಡಿಮೆ. ಬೈಯುವುದಕ್ಕೆ ಹೇಳಿದ್ದಲ್ಲ, ಅಲ್ಲಿ ನಿಂತು ನೋಡಿ ಎಂದು ಹೇಳುವ ಒಂದು ಫಲಕವನ್ನೂ ನಾವು ಹಾಕಿಲ್ಲವಲ್ಲ.

ಬಂಗಾರಪೇಟೆಯ ಕಥೆ ಬೇರೆ. ಈಗ ಅದರ ಹೆಸರು ಹೇಳಿದರೆ ಜನಕ್ಕೆ ಮೊದಲು ನೆನಪಾಗುವುದು ಪಾನಿಪುರಿ. ಅದು ಜಂಕ್ಷನ್ ಊರು, ವ್ಯಾಪಾರದ ಊರು. ಪೇಟೆಬೀದಿಯ ಹೆಂಚಿನ ಮನೆಗಳು ಖಾಸಗಿ ಸ್ವತ್ತು, ಬೆಲೆ ಏರಿದ ಜಾಗದಲ್ಲಿವೆ. ಅಣ್ಣತಮ್ಮಂದಿರ ಪಾಲು ಆದ ಕೂಡಲೇ ಮನೆ ಇಳಿದು ಮಳಿಗೆ ಏಳುತ್ತದೆ. ಗಣಿಯೂರಿನ ಮನೆಗಳನ್ನು ಬಡತನವೂ ವ್ಯಾಜ್ಯವೂ ಕಾದಿಟ್ಟವು, ಬಂಗಾರಪೇಟೆಯವನ್ನು ಅನುಕೂಲವೇ ಕೆಡವುತ್ತಿದೆ.

ಕಾನೂನಿನಿಂದ ಇಲ್ಲಿ ಹೆಚ್ಚಿನದನ್ನು ನಿರೀಕ್ಷಿಸುವಂತಿಲ್ಲ. ಸಂರಕ್ಷಿತ ಸ್ಮಾರಕದ ಕಾಯ್ದೆಗಳು ಗುಡಿ, ಕೋಟೆ, ಗೋರಿಗಳನ್ನು ಮನಸ್ಸಿನಲ್ಲಿಟ್ಟು ಮಾಡಿದವು. ಜನ ವಾಸಿಸುವ ಸಾಲುಮನೆಗೆ ಅದೇ ಬೇಲಿ ಹಾಕಿದರೆ ಒಂದು ಬಚ್ಚಲು ಕಟ್ಟಿಕೊಳ್ಳಲೂ ಅರ್ಜಿ ಹಿಡಿದು ಅಲೆಯಬೇಕಾದೀತು. ಅಂಥ ಸಂರಕ್ಷಣೆ ಯಾರಿಗೂ ಬೇಡ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಾದಿ ಬೇರೆ ಮಾಡಿಕೊಂಡರು. ಕೆಡವಲು ಹೊರಟ ಹಳೆಯ ಮನೆಗಳನ್ನು ತೊಲೆ ತೊಲೆಗೆ ಗುರುತು ಹಾಕಿ ಬಿಚ್ಚಿ ತಂದು ಹಸ್ತಶಿಲ್ಪ ಹೆರಿಟೇಜ್ ವಿಲೇಜಿನಲ್ಲಿ ಮತ್ತೆ ನಿಲ್ಲಿಸಿದರು. ಅದು ದೊಡ್ಡ ಕೆಲಸ, ಆದರೆ ಕೆತ್ತನೆಯ ಕಂಬ ಇರುವ ತೊಟ್ಟಿಮನೆಗೆ ಒಪ್ಪುವ ಕೆಲಸ. ಲೈನ್ ಮನೆಯಲ್ಲಿ ಕೆತ್ತನೆ ಇಲ್ಲ. ಒಂದು ಕೋಣೆಯನ್ನು ಕಿತ್ತು ಬೇರೆಡೆ ಇಟ್ಟರೆ ಅದು ಬರಿ ಕೋಣೆ. ಇಡೀ ಸಾಲು, ಓಣಿ, ನಲ್ಲಿ, ದೂರದಲ್ಲಿ ಕಾಣುವ ಶಾಫ್ಟಿನ ಕಬ್ಬಿಣದ ಗೋಪುರ, ಇಷ್ಟೂ ಕೂಡಿದರೆ ಮಾತ್ರ ಅದಕ್ಕೆ ಅರ್ಥ. ಕಾರ್ನ್‌ವಾಲಿನವರಿಗೆ ಇದು ಹೊಳೆದಿತ್ತು. ನಮ್ಮ ಗಣಿಗೆ ಕ್ಯಾಪ್ಟನ್‌ಗಳನ್ನು ಕಳಿಸಿದ ಆ ಸೀಮೆಯ ಗಣಿ ಪ್ರದೇಶವನ್ನು 2006ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಎಂಜಿನ್ ಮನೆಗಳ ಜೊತೆಗೆ ಗಣಿ ಕೆಲಸಗಾರರ ಊರುಗಳೂ, ಸಣ್ಣ ಮನೆಗಳೂ ಆ ಪಟ್ಟಿಯ ಒಳಗಿವೆ. ಅಲ್ಲಿಂದ ಬಂದವರು ಇಲ್ಲಿ ಕಟ್ಟಿದ ಊರು ಯಾವ ಪಟ್ಟಿಯಲ್ಲೂ ಇಲ್ಲ.

ನೆನಪುಗಳನ್ನು ಕೂಡಿಡುವ ಕೆಲಸ ಬಿಡಿಬಿಡಿಯಾಗಿ ನಡೆದಿದೆ. ಆಂಗ್ಲೋ ಇಂಡಿಯನ್ ಅಡುಗೆಯ ಬಗ್ಗೆ ಬರೆಯುವ ಬ್ರಿಜೆಟ್ ವೈಟ್ ಕುಮಾರ್ ತಾವು ಬೆಳೆದ ಕೆಜಿಎಫ್ ಬಗ್ಗೆ ಪುಸ್ತಕ ತಂದಿದ್ದಾರೆ. ಇತಿಹಾಸಕಾರ್ತಿ ಜಾನಕಿ ನಾಯರ್ ಕಾರ್ಮಿಕರ ಕಥೆಯನ್ನು ದಾಖಲೆಗಳ ಮೂಲಕ ಬರೆದಿದ್ದಾರೆ. ಎರಡೂ ಇಂಗ್ಲಿಷಿನಲ್ಲಿವೆ. ಒಂದೊಂದು ಲೈನಿನ ಅಳತೆ, ನಕ್ಷೆ, ಹೆಸರು, ಯಾವ ಕೋಣೆಗೆ ಯಾವ ಊರಿನವರು ಬಂದರು ಎಂಬುದನ್ನು ಬರೆದಿಟ್ಟ ಕನ್ನಡ ಪುಸ್ತಕ ನನ್ನ ಕಪಾಟಿನಲ್ಲಿಲ್ಲ.

ಇಲ್ಲಿ ಮತ್ತೆ ಮಿಥಿಕ್ ಸೊಸೈಟಿಯ ಮಾತು ಬರುತ್ತದೆ. ಈಚಿನ ವರ್ಷಗಳಲ್ಲಿ ಅದು ಬೆಂಗಳೂರು ಸುತ್ತಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಉಳಿಸುವ ಕೆಲಸಕ್ಕೆ ಇಳಿದಿದೆ. ರಸ್ತೆ ಅಗಲೀಕರಣದಲ್ಲಿ, ಮನೆಯ ಪಾಯದಲ್ಲಿ ಮಾಯವಾಗುತ್ತಿರುವ ಕಲ್ಲುಗಳ ಅಕ್ಷರಗಳನ್ನು ಹಾಗೇ ಹಿಡಿದಿಡುತ್ತಿದೆ. ಕಲ್ಲು ಹೋದರೂ ಅಕ್ಷರ ಉಳಿಯುತ್ತದೆ ಎಂಬ ಧೈರ್ಯ. ಅದೇ ಯಂತ್ರವನ್ನು ಲೈನ್ ಮನೆಯ ಗೋಡೆಗೂ ಹಿಡಿಯಬಹುದು. ನೂರು ವರ್ಷದ ಹಿಂದೆ ಸೊಸೈಟಿಯ ಪತ್ರಿಕೆಗೆ ಈ ಊರಿನಿಂದ ಬರಹ ಹೋಗುತ್ತಿತ್ತು. ಈಗ ಅಲ್ಲಿಂದ ಇಲ್ಲಿಗೆ ಒಂದು ತಂಡ ಬರಲಿ ಎಂದು ಕೇಳುವ ಹಕ್ಕು ನಮಗಿದೆ ಅಂದುಕೊಳ್ಳುತ್ತೇನೆ. ಅದರ ಜೊತೆಗೆ ಇಲ್ಲಿನ ಕಾಲೇಜುಗಳ ಇತಿಹಾಸ ವಿಭಾಗ, ಕಾರ್ಮಿಕ ಸಂಘಗಳ ಹಳಬರು, ಚರ್ಚಿನ ದಫ್ತರ್ ನೋಡಿಕೊಳ್ಳುವವರು ಸೇರಿದರೆ ಒಂದು ಸ್ಥಳೀಯ ಸಂಘ ತಾನಾಗಿ ಹುಟ್ಟುತ್ತದೆ. ಅದಕ್ಕೆ ಮೊದಲ ದಿನವೇ ಒಂದು ಕೋಣೆ ಬೇಕು. ಖಾಲಿ ಬಿದ್ದ ಒಂದು ಲೈನ್ ಮನೆಯನ್ನೇ ಕೊಟ್ಟರೂ ಸಾಕು, ಹಕ್ಕುಪತ್ರದ ಸಮೇತ.

ಕೆಲಸಕ್ಕೆ ತಡ ಮಾಡಬಾರದ ಕಾರಣ ಕಟ್ಟಡವಲ್ಲ. ಗಣಿ ಮುಚ್ಚಿದಾಗ ನಲವತ್ತರಲ್ಲಿದ್ದವರಿಗೆ ಈಗ ಅರವತ್ತೈದು. ಯಾವ ಗೋಡೆ ಕಂಪನಿಯದು, ಯಾವುದು ಅಪ್ಪ ಕಟ್ಟಿದ್ದು, ಯಾವ ಬಿರುಕು ಯಾವ ಏರ್‌ಬ್ಲಾಸ್ಟಿನದು ಎಂದು ಬೆರಳಿಟ್ಟು ಹೇಳಬಲ್ಲವರು ಅವರೇ. ಅಳತೆ ಟೇಪು ಹಿಡಿದು ಬರುವವರಿಗೆ ಒಂದು ಸೂಚನೆ: ಭಾನುವಾರ ಬನ್ನಿ. ಉಳಿದ ದಿನಗಳಲ್ಲಿ ಬಂದರೆ ಮಾತಿಗೆ ಮುದುಕರು ಸಿಗುತ್ತಾರೆ, ಏಣಿ ಹಿಡಿಯುವ ಹುಡುಗರೆಲ್ಲ ಬೆಳಗಿನ ರೈಲಿಗೆ ಹೊರಟುಹೋಗಿರುತ್ತಾರೆ.